ಉಸಿರು ಕೇಳಿಸದ ಎರಡು ಸಾಲು

ನಮ್ಮ ಬಳಗದಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಕಿವಿಯಕ್ಕ ಅನ್ನುತ್ತಾರೆ. ದೊರೆಯ ಯಾವ ಹಾಡಾದರೂ ಸರಿ, ಒಂದು ಸಾಲು ಕೇಳಿದರೆ ಸಾಕು, ಹಾಡುವಾಗ ಅವರಿಗೆ ನೆಗಡಿ ಇತ್ತೋ ಇಲ್ಲವೋ ಹೇಳುತ್ತೇನೆ ಅನ್ನುವುದು ನನ್ನ ಖ್ಯಾತಿ. ಅದರಲ್ಲಿ ಅರ್ಧ ಜಂಬ, ಅರ್ಧ ನಿಜ. ಹೊಲಿಗೆ ಮಷಿನ್ನಿನ ಮುಂದೆ ಕೂತವಳಿಗೆ ಕೈಗೆ ಕೆಲಸ, ಕಾಲಿಗೆ ಕೆಲಸ, ಕಣ್ಣಿಗೆ ಕೆಲಸ. ಕಿವಿ ಮಾತ್ರ ಖಾಲಿ. ಆ ಖಾಲಿ ಜಾಗದಲ್ಲಿ ದೊರೆ ಬಂದು ಕೂತು ಎಷ್ಟೋ ವರ್ಷಗಳಾದವು.

ದೊರೆ ಎಂದರೆ ರಾಜನಲ್ಲ, ಗಾಯಕ. ಆ ಹೆಸರಿಟ್ಟವನು ನಮ್ಮ ಅಭಿಮಾನಿ ಬಳಗದ ಅಧ್ಯಕ್ಷ ಡ್ರೈವರಣ್ಣ. ಸಿಟಿ ಬಸ್ಸು ಓಡಿಸುತ್ತಾನೆ, ಹಾರ್ನ್ ಹೊಡೆಯುವುದಕ್ಕಿಂತ ಹೆಚ್ಚಾಗಿ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಾನೆ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಡ್ಯೂಟಿ ಮುಗಿಸಿ ಬಂದು ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂರುತ್ತಿದ್ದವನು ಅವನು. ಗಂಡ ಹೋದಮೇಲೆ ಬಳಗದವರ ಮನೆಗಳಲ್ಲಿ ಹರಿದದ್ದು, ಬಿಗಿಯಾದದ್ದು, ಸಡಿಲವಾದದ್ದೆಲ್ಲ ನನ್ನ ಬಾಗಿಲಿಗೇ ಬರುವಂತೆ ಮಾಡಿದವನೂ ಅವನೇ. ಒಡಹುಟ್ಟಿದವರು ಮಾಡದ್ದನ್ನು ಮಾಡಿದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನ ಮೇಲೆ ನನಗೆ ಸಿಟ್ಟು ಬರುವುದಿದೆ.

ನಮ್ಮ ಮನೆ ರೈಲು ನಿಲ್ದಾಣದ ಹಿಂಗೋಡೆಗೆ ಅಂಟಿಕೊಂಡಿದೆ. ಮುಂದಿನ ಕೋಣೆ ನನ್ನ ಅಂಗಡಿ, ಹಿಂದಿನದು ಅತ್ತೆಯ ಸಾಮ್ರಾಜ್ಯ. ನಿಲ್ದಾಣದ ಧ್ವನಿವರ್ಧಕದಲ್ಲಿ ಯಾವ ಗಾಡಿ ಬಂತು, ಯಾವ ಪ್ಲಾಟ್‌ಫಾರ್ಮಿಗೆ ಬಂತು ಎಂದು ಹೇಳುವುದು ಕಿಟಕಿಯಿಂದ ನೇರ ಒಳಗೇ ಬರುತ್ತದೆ. ಅತ್ತೆಗೆ ಅದೇ ಗಡಿಯಾರ. ಬೆಳಗಿನ ಪ್ಯಾಸೆಂಜರ್ ಹೊರಡುತ್ತಿದೆ ಎಂದು ಕೇಳಿಸಿದರೆ ಬಿ.ಪಿ. ಮಾತ್ರೆ, ಮಧ್ಯಾಹ್ನದ ಎಕ್ಸ್‌ಪ್ರೆಸ್ ಬಂತೆಂದರೆ ಊಟ. ಆ ಧ್ವನಿಯವನನ್ನು ಅವರು ಕಣ್ಣಾರೆ ಕಂಡವರಲ್ಲ, ಆದರೂ ಗಾಡಿಯಪ್ಪ ಎಂದು ಹೆಸರಿಟ್ಟುಕೊಂಡಿದ್ದರು. ಗಾಡಿ ತಡವಾದರೆ ಅವನ ಪರವಾಗಿ ತಾವೇ ಬೇಸರಪಡುತ್ತಿದ್ದರು.

ದೊರೆಯ ಹಾಡುಗಳಲ್ಲಿ ಒಂದು ನನ್ನದು. ಅದರ ಕೊನೆಯ ಚರಣದಲ್ಲಿ ಎರಡು ಸಾಲುಗಳಿವೆ, ಧ್ವನಿ ಒಂದೊಂದೇ ಹೆಜ್ಜೆಯಿಟ್ಟು ಮೇಲಕ್ಕೆ ಹೋಗುತ್ತದೆ. ಬಳಗದವರು ಅದಕ್ಕೆ ಮೆಟ್ಟಿಲು ಅನ್ನುತ್ತಾರೆ. ಗಂಡ ತೀರಿಕೊಂಡ ದಿನಗಳಲ್ಲಿ ಎದೆಯ ಮೇಲೆ ಯಾರೋ ಕೂತಂತಿರುತ್ತಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಆಗ ಈ ಹಾಡು ಹಾಕಿಕೊಂಡು ಕೂತಿರುತ್ತಿದ್ದೆ. ದೊರೆಗೆ ಒಂದು ಅಭ್ಯಾಸವಿದೆ: ಪ್ರತಿ ಸಾಲಿಗೆ ಮುಂಚೆ ನಾಲಿಗೆ ಅಂಗುಳದಿಂದ ಬಿಡುವ ಸಣ್ಣ ಟಿಕ್ ಸದ್ದು, ಆಮೇಲೆ ಉಸಿರು. ಆಗದವರು ಅದನ್ನು ದೋಷ ಅಂದರು, ನಾವು ಒಡವೆ ಅಂದೆವು. ಆದರೆ ಮೆಟ್ಟಿಲಿನಲ್ಲಿ ಆ ಟಿಕ್ ಇಲ್ಲ. ಉಸಿರೂ ಕೇಳಿಸುವುದಿಲ್ಲ. ಉಸಿರಿಲ್ಲದೆಯೂ ಮನುಷ್ಯ ಮೇಲೆ ಹತ್ತುತ್ತಾನಲ್ಲ ಅಂದುಕೊಂಡೆ. ಮಾರನೆಯ ದಿನ ಎದ್ದು ಮಷಿನ್ನಿನ ಮೇಲಿನ ಬಟ್ಟೆ ತೆಗೆದೆ.

ಬಳಗದ ಸಭೆಯಲ್ಲಿ ಒಮ್ಮೆ ಇದನ್ನು ಹೇಳಿದೆ. ದೊರೆ ಇಲ್ಲಿ ದುಃಖಕ್ಕೆ ತಮ್ಮ ಉಸಿರನ್ನೇ ನುಂಗಿಕೊಂಡಿದ್ದಾರೆ, ಅದಕ್ಕೇ ಕೇಳಿಸುವುದಿಲ್ಲ ಎಂದು ವಿವರಿಸಿದೆ. ಜನ ಕಣ್ಣೊರೆಸಿಕೊಂಡರು. ಅಂದಿನಿಂದ ಅದು ನಮ್ಮಲ್ಲಿ ಪದ್ಧತಿಯಾಯಿತು. ಪ್ರತಿ ಸಭೆಯ ಮೊದಲು ಆ ಹಾಡು, ಮೆಟ್ಟಿಲು ಬಂದಾಗ ಎಲ್ಲರೂ ಒಟ್ಟಿಗೆ ಉಸಿರು ಹಿಡಿಯುವುದು, ಮುಗಿದಮೇಲೆ ಬಿಡುವುದು. ಹೊಸಬರು ಮೊದಲ ಸಲ ನಗುತ್ತಾರೆ, ಎರಡನೆಯ ಸಲ ಅವರೂ ಹಿಡಿಯುತ್ತಾರೆ.

ಇಷ್ಟು ಸುಖವಾಗಿದ್ದವರ ಮೇಲೆ ಆ ವಿಡಿಯೋ ಬಂದು ಬಿತ್ತು. ನಿಲ್ದಾಣದಲ್ಲಿ ಯಾರೋ ನಿವೃತ್ತರಾದ ದಿನ, ಒತ್ತಾಯಕ್ಕೆ ಗಾಡಿಯಪ್ಪ ಎದ್ದು ನಿಂತು ಮೆಟ್ಟಿಲು ಹಾಡಿದ್ದ. ಪಕ್ಕದಲ್ಲಿದ್ದವರು ಥೇಟ್ ದೊರೆಯೇ ಅಂದಾಗ ಆತ ನಗುತ್ತಾ, ಹಿಂದೆ ಕೋರಸ್‌ನಲ್ಲಿ ಹಾಡುತ್ತಿದ್ದೆ, ಈ ಹಾಡು ರೆಕಾರ್ಡ್ ಮಾಡಿದ ದಿನ ದೊರೆಯವರ ಗಂಟಲು ಕಟ್ಟಿತ್ತು, ಆ ಎರಡು ಸಾಲು ನನ್ನಿಂದ ಹಾಡಿಸಿದರು ಎಂದು ಹೇಳಿಬಿಟ್ಟ. ಅಷ್ಟೇ. ಅದೇ ಹಾಡಿಗಾಗಿ ದೊರೆಗೆ ದೊಡ್ಡ ಗೌರವ ಘೋಷಣೆಯಾಗಿದ್ದ ಸಮಯ. ವಿಡಿಯೋ ಫೋನಿಂದ ಫೋನಿಗೆ ಹಾರಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ದೊರೆ ಒಂದು ಹಾಡನ್ನೂ ಸ್ವಂತ ಹಾಡಿಲ್ಲ ಎಂದು ಕೂಡ ಬರೆದರು. ದೊರೆ ಒಂದೇ ಮಾತು ಹೇಳಿದರು: ಯಾರೋ ಹೆಸರಿನಾಸೆಗೆ ಸುಳ್ಳು ಹೇಳುತ್ತಿದ್ದಾರೆ, ನನ್ನ ಅಭಿಮಾನಿಗಳು ನೋಡಿಕೊಳ್ಳುತ್ತಾರೆ.

ನಮ್ಮವರು ನೋಡಿಕೊಂಡರು. ಗಾಡಿಯಪ್ಪ ಮೈಕಿಗೆ ಬಾಯಿಟ್ಟನೆಂದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಶಿಳ್ಳೆ, ಕೂಗು. ಯಾವ ಗಾಡಿ ಎಲ್ಲಿಗೆ ಎಂದು ಕೇಳಿಸದೆ ಜನ ಗಾಡಿ ತಪ್ಪಿಸಿಕೊಂಡರು. ಮೇಲಧಿಕಾರಿ ಕೊನೆಗೆ ಅವನನ್ನು ಪಾರ್ಸೆಲ್ ಕೋಣೆಗೆ ಹಾಕಿ, ಮೈಕಿನ ಕೆಲಸಕ್ಕೆ ರೆಕಾರ್ಡ್ ಮಾಡಿದ ಯಂತ್ರದ ಧ್ವನಿ ತಂದ. ಮೂಟೆ ಎತ್ತುವ ವಯಸ್ಸು ದಾಟಿದವನು. ಬಳಗದ ಮುಂದೆ ತಪ್ಪೊಪ್ಪಿಕೊಂಡು ಗಲಾಟೆ ನಿಲ್ಲಿಸಿದರೆ ಮತ್ತೆ ಮೈಕು, ಇಲ್ಲದಿದ್ದರೆ ಮೂಟೆ ಎಂದು ಅವನಿಗೆ ಹೇಳಿದ್ದರಂತೆ.

ಇದನ್ನು ನನಗೆ ಹೇಳಿದವನು ಡ್ರೈವರಣ್ಣ. ಯೂನಿಫಾರ್ಮ್ ಪ್ಯಾಂಟಿನ ಸೊಂಟ ಸಡಿಲಿಸಲು ತಂದಿದ್ದ. ಭಾನುವಾರ ಬಸ್ ಡಿಪೋದ ಹಾಲ್‌ನಲ್ಲಿ ಸಭೆ, ಆತ ಬಂದು ಕ್ಷಮೆ ಕೇಳಲು ಒಪ್ಪಿದ್ದಾನೆ, ಆದರೆ ಅದಕ್ಕೆ ಮುಂಚೆ ಎಲ್ಲರೆದುರು ನಾನು ಹೇಳಬೇಕು, ಆ ಧ್ವನಿ ದೊರೆಯದೇ ಎಂದು. ಅವನ ಬಾಯಿಂದ ಬಲವಂತಕ್ಕೆ ಕ್ಷಮೆ ಕೇಳಿಸಿದರು ಅಂತ ನಾಳೆ ಯಾರೂ ಅನ್ನಬಾರದು ಎಂಬುದು ಡ್ರೈವರಣ್ಣನ ಲೆಕ್ಕ. ಅವನ ಮಟ್ಟಿಗೆ ಅದೂ ನ್ಯಾಯವೇ.

"ನೀನು ಹೇಳಿದ್ರೆ ಮುಗೀತಮ್ಮ, ಅದರ ಮೇಲೆ ಅಪೀಲಿಲ್ಲ" ಅಂದ.

ಹೇಳುತ್ತೇನೆ ಅಂದೆ. ಹೇಳದೆ ಏನು? ಸುಳ್ಳುಗಾರನ ಮೇಲೆ ನನಗೂ ಕೆಂಡದಂಥ ಕೋಪವಿತ್ತು. ನನ್ನ ಗಂಡನ ಸಾವನ್ನು ದಾಟಿಸಿದ ಸಾಲು ಅದು, ಯಾವನೋ ಬಂದು ನನ್ನದು ಅಂದರೆ?

ಮಾರನೆಯ ದಿನ ಬೆಳಿಗ್ಗೆ ಅತ್ತೆ ಮಾತ್ರೆ ನುಂಗಲಿಲ್ಲ. ಪ್ಯಾಸೆಂಜರ್ ಹೊರಟು ಬಹಳ ಹೊತ್ತಾಯಿತಲ್ಲ ಅಂದರೆ, ತಮಗೆ ಕೇಳಿಸಲೇ ಇಲ್ಲ ಎಂದರು. ಕೇಳಿಸಿತ್ತು. ಅವತ್ತು ಮೊದಲ ಸಲ ಯಂತ್ರ ಕೂಗಿದ್ದನ್ನು ಅವರು ಮಾತು ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಡಬ್ಬಿಯೊಳಗೆ ಕೂತು ಯಾರೋ ಹೇಳಿದ ಹಾಗಿದೆ, ನಮ್ಮ ಗಾಡಿಯಪ್ಪ ಹೇಳಿದರೆ ಕೊನೆಯಲ್ಲಿ ಧ್ವನಿ ಮೆಲ್ಲಗೆ ಕೆಳಗಿಳಿಯುತ್ತಿತ್ತು, ಮಗುವನ್ನು ತೊಟ್ಟಿಲಲ್ಲಿ ಇಟ್ಟ ಹಾಗೆ ಎಂದು ಗೊಣಗಿದರು.

ನಾನು ಕಾಜಾ ಹೊಲಿಯುತ್ತಿದ್ದೆ. ಸೂಜಿ ಅಲ್ಲೇ ನಿಂತಿತು.

ಮೆಟ್ಟಿಲಿನ ತುದಿಯಲ್ಲೂ ಧ್ವನಿ ಹಾಗೇ ಇಳಿಯುತ್ತದೆ. ಇನ್ನೊಂದು: ಗಾಡಿಯಪ್ಪ ಗಾಡಿಯ ಹೆಸರು, ಹೋಗುವ ಊರು, ದಾರಿಯಲ್ಲಿ ಸಿಗುವ ಊರುಗಳು, ಪ್ಲಾಟ್‌ಫಾರ್ಮ್ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಅವನ ಉಸಿರು ಒಮ್ಮೆಯೂ ಕೇಳಿಸುತ್ತಿರಲಿಲ್ಲ. ಇಷ್ಟು ವರ್ಷ ಕಿಟಕಿಯಿಂದ ಒಂದು ಧ್ವನಿ, ಸ್ಪೀಕರಿನಿಂದ ಒಂದು ಧ್ವನಿ, ಎರಡೂ ಇದೇ ಕೋಣೆಯಲ್ಲಿ. ಒಂದನ್ನು ಪೂಜೆ ಮಾಡುವ ಹಾಗೆ ಕೇಳಿದೆ, ಇನ್ನೊಂದನ್ನು ಗಡಿಯಾರದ ಹಾಗೆ. ಕಿವಿಯಕ್ಕನಂತೆ ಕಿವಿಯಕ್ಕ!

ಆದರೂ ಮನಸ್ಸು ಒಪ್ಪಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಕಂಡು ನಕ್ಕವಳು ನಾನು, ಈಗ ನನ್ನ ಮೊಲದ ಕಾಲನ್ನು ಎಣಿಸಲು ಹೆದರಿಕೆ. ಮಷಿನ್ ನಿಲ್ಲಿಸಿ ಹಾಡು ಹಾಕಿದೆ. ಮೊದಲ ಚರಣ, ಟಿಕ್. ಎರಡನೆಯದು, ಟಿಕ್. ಮೆಟ್ಟಿಲು, ಏನೂ ಇಲ್ಲ. ದೊರೆಯ ಬೇರೆ ಹಾಡುಗಳನ್ನು ಹಾಕಿದೆ. ದುಃಖದವು, ಜೋಗುಳ, ಕುಣಿಯುವವು. ಎಲ್ಲದರಲ್ಲೂ ಟಿಕ್ ಇದೆ. ಹೆಂಡತಿ ಸತ್ತ ವರ್ಷ ಹಾಡಿದ್ದರಲ್ಲೂ ಇದೆ. ಅವತ್ತೂ ನುಂಗದ ಉಸಿರನ್ನು ಅವರು ಈ ಎರಡು ಸಾಲಿಗೆ ಯಾಕೆ ನುಂಗುತ್ತಾರೆ? ಇದು ನನಗೆ ಹೊಸದಾಗಿ ಕೇಳಿಸಿದ್ದಲ್ಲ. ಮೊದಲ ದಿನವೇ ಕೇಳಿಸಿತ್ತು. ಬೇರೆಯವರಾಗಿದ್ದರೆ ಇದು ಇನ್ನೊಬ್ಬರ ಧ್ವನಿಯಲ್ಲವೇ ಎಂದು ಕೇಳಿರುತ್ತಿದ್ದರು. ನಾನು ಅಭಿಮಾನಿ, ಅದನ್ನು ದೊರೆಯ ಹಿರಿಮೆ ಅಂದೆ, ಬಳಗದ ಐವತ್ತು ಜನರಿಗೂ ಕಲಿಸಿದೆ.

ಸಂಜೆ ಅತ್ತೆಗೆ ಎಲ್ಲ ಹೇಳಿದೆ. ಪ್ರೀತಿಗೆ ಕಣ್ಣಿಲ್ಲ ಅಂತಿದ್ದರು, ನಿನ್ನ ಪ್ರೀತಿಗೆ ಕಿವಿಯೂ ಇಲ್ಲವಾಯಿತಲ್ಲ ಎಂದು ಮೊದಲು ನಕ್ಕರು. ಭಾನುವಾರ ಜ್ವರ ಬಂದಿದೆ ಎಂದು ಮಲಗಿಬಿಡಲೇ ಎಂದು ಕೇಳಿದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಅತ್ತೆ ನಗು ನಿಲ್ಲಿಸಿದರು.

"ನೀನು ಮಲಗಿದ್ರೆ ಅವನು ಕ್ಷಮೆ ಕೇಳ್ತಾನೆ" ಅಂದರು. "ಮಾಡದ ತಪ್ಪಿಗೆ."

ಅಷ್ಟು ಹೇಳಿ ಒಳಗೆ ಹೋದರು. ನಾನು ಡ್ರೈವರಣ್ಣನ ಪ್ಯಾಂಟಿನ ಸೊಂಟ ಬಿಚ್ಚುತ್ತಾ ಕೂತೆ. ಆಸ್ಪತ್ರೆಯ ಬೆಂಚಿನ ಮೇಲೆ ಅವನು ಕೂತ ರೀತಿ ಕಣ್ಣ ಮುಂದೆ ಬಂತು. ಬಾಯಿ ಬಿಟ್ಟರೆ ಅವನು ಹೋಗುತ್ತಾನೆ, ಬಳಗ ಹೋಗುತ್ತದೆ, ಅವರ ಬಟ್ಟೆಯೂ ಹೋಗುತ್ತದೆ. ಬಿಡದಿದ್ದರೆ ಒಬ್ಬ ಮನುಷ್ಯ ಮೂಟೆ ಹೊರುತ್ತಾನೆ, ಇಲ್ಲವೇ ಸುಳ್ಳು ಹೊರುತ್ತಾನೆ, ಮತ್ತು ನಾನು ಆ ಹಾಡನ್ನು ಮತ್ತೆಂದೂ ಕೇಳಲಾರೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು. ಹಾಗೆಂದು ದೊರೆಯನ್ನು ಕಳ್ಳ ಅನ್ನಲೂ ಮನಸ್ಸು ಬರಲಿಲ್ಲ. ಉಳಿದ ಹಾಡೆಲ್ಲ ಅವರದೇ, ನಾನು ಕೇಳಿ ಬಲ್ಲೆ. ಗಂಟಲು ಕಟ್ಟುವುದು ಅಪರಾಧವಲ್ಲ, ಇನ್ನೊಬ್ಬರಿಂದ ಎರಡು ಸಾಲು ಹಾಡಿಸುವುದೂ ದೊಡ್ಡ ಪಾಪವಲ್ಲ. ಹಾಡಿದವನನ್ನು ಸುಳ್ಳುಗಾರ ಅಂದದ್ದು, ನಮ್ಮನ್ನು ಅವನ ಮೇಲೆ ಬಿಟ್ಟದ್ದು, ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಭಾನುವಾರ ಹಾಲ್ ತುಂಬ ಜನ. ದೊರೆಯ ದೊಡ್ಡ ಚಿತ್ರದ ಕೆಳಗೆ ಒಂದು ಮೇಜು, ಮೇಜಿನ ಪಕ್ಕ ಒಂಟಿ ಕುರ್ಚಿ, ಅದರಲ್ಲಿ ಗಾಡಿಯಪ್ಪ. ಅವನನ್ನು ನಾನು ಎದುರೆದುರು ನೋಡಿದ್ದು ಅದೇ ಮೊದಲು. ತೆಳ್ಳಗೆ, ಬೋಳುತಲೆ, ಇಸ್ತ್ರಿ ಹಾಕಿದ ಶರ್ಟು. ಕಾಲರ್ ಸವೆದದ್ದಕ್ಕೆ ಅದನ್ನು ಬಿಚ್ಚಿ ಒಳಮಗ್ಗುಲು ಹೊರಗೆ ಮಾಡಿ ಹೊಲಿದಿದ್ದರು. ಮನೆಯವರ ಕೈಕೆಲಸ ಇರಬೇಕು, ಅಚ್ಚುಕಟ್ಟಾಗಿತ್ತು. ಅದನ್ನು ನೋಡಿದಮೇಲೆ ಅವನ ಮುಖ ನೋಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಪದ್ಧತಿಯಂತೆ ಹಾಡು ಹಾಕಿದರು. ಮೆಟ್ಟಿಲು ಬಂತು. ಇಡೀ ಸಭೆ ಉಸಿರು ಹಿಡಿಯಿತು. ನನ್ನ ಕಣ್ಣು ಗಾಡಿಯಪ್ಪನ ಮೇಲೆಯೇ ಇತ್ತು. ಅವನಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಕೂತವನು, ಕೆಮ್ಮು, ಪಿಸುಮಾತು, ಕುರ್ಚಿಯ ಸದ್ದು ಎಲ್ಲ ಒಮ್ಮೆಗೇ ನಿಂತದ್ದಕ್ಕೆ ಗಾಬರಿಯಾಗಿ ತಲೆಯೆತ್ತಿದ. ಒಬ್ಬೊಬ್ಬರ ಮುಖವನ್ನೇ ನೋಡಿದ. ಐವತ್ತು ಜನ ತನ್ನ ಎರಡು ಸಾಲಿಗೆ ಉಸಿರು ಕಟ್ಟಿ ಕೂತಿದ್ದಾರೆ ಎನ್ನುವುದು ಅವನಿಗೆ ತಿಳಿದಾಗ ಅವನ ಗಲ್ಲ ನಡುಗಿತು. ಸಾಲು ಮುಗಿಯಿತು, ಎಲ್ಲರೂ ಉಸಿರು ಬಿಟ್ಟರು. ಅವನು ಮತ್ತೆ ತಲೆ ತಗ್ಗಿಸಿದ.

ಡ್ರೈವರಣ್ಣ ನನ್ನತ್ತ ಕೈಮಾಡಿ, ಈಗ ಹೇಳಮ್ಮ ಅಂದ. ಎದ್ದು ನಿಂತೆ. ಇವರನ್ನು ಒಂದು ಮಾತು ಕೇಳಬೇಕು ಎಂದು ಗಾಡಿಯಪ್ಪನ ಕಡೆ ತಿರುಗಿದೆ.

"ಆ ಎರಡು ಸಾಲಲ್ಲಿ ನೀವು ಉಸಿರು ಎಲ್ಲಿ ತಗೊಂಡ್ರಿ?"

ಹಿಂದೆ ಯಾರೋ ಕಿಸಕ್ಕೆಂದರು. ಸಿಕ್ಕಿಬಿದ್ದ ಎಂದು ಅವರ ಸಂತೋಷ. ಗಾಡಿಯಪ್ಪ ನಗಲಿಲ್ಲ. ಇಂಥದ್ದೊಂದು ಪ್ರಶ್ನೆ ಕೇಳುವವರು ಇದ್ದಾರಲ್ಲ ಎನ್ನುವ ಹಾಗೆ ನನ್ನನ್ನು ನೋಡಿದ.

"ಎರಡನೇ ಸಾಲಿನ ನಡುವೆ, ಅಕ್ಕಾ. ಮೈಕಿನಿಂದ ಮುಖ ಆ ಕಡೆ ತಿರುಗಿಸಿ" ಅಂದ. "ಕೋರಸ್‌ನವರ ಉಸಿರು ಕೇಳಿಸಬಾರದು. ನಮಗೆ ಕಲಿಸಿದ ಮೊದಲ ಪಾಠ ಅದು. ಕೇಳಿಸಿದ್ರೆ ಮುಂದಿನ ಸಲ ಕರೆಯೋದಿಲ್ಲ."

ನನಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಯಾರ ಮೇಲೆ ಎಂದು ತಿಳಿಯಲಿಲ್ಲ. ದುಃಖಕ್ಕೆ ನುಂಗಿದ ಉಸಿರು ಎಂದು ಇಷ್ಟು ವರ್ಷ ಸಾರಿಕೊಂಡು ಬಂದಿದ್ದೆ. ಅದು ಮುಂದಿನ ಸಲ ಕೆಲಸಕ್ಕೆ ಕರೆಯುವುದಿಲ್ಲವೇನೋ ಎಂದು ಹೆದರಿ ಬಚ್ಚಿಟ್ಟ ಉಸಿರು.

"ಇದು ದೊರೆ ಧ್ವನಿ ಅಲ್ಲ" ಅಂದೆ. "ಹಾಡು ದೊರೇದೇ. ಆ ಎರಡು ಸಾಲು ಇವರದ್ದು. ನಾನು ನಿಮಗೆಲ್ಲ ಹೇಳಿಕೊಟ್ಟ ಅರ್ಥ ತಪ್ಪು."

ಸಭೆಯಲ್ಲಿ ಗದ್ದಲವೆದ್ದಿತು. ಯಾರೋ ನನ್ನನ್ನು ಹಿತ್ತಾಳೆ ಕಿವಿ ಅಂದರು, ಇನ್ಯಾರೋ ಎಷ್ಟಕ್ಕೆ ಮಾರಿಕೊಂಡೆ ಎಂದು ಕೇಳಿದರು. ನಾನು ಸುಮ್ಮನಿರುವ ಜಾತಿಯಲ್ಲ. ಟಿಕ್ ಸದ್ದಿನ ವಿಷಯ ಹೇಳಿ, ನಂಬಿಕೆಯಿಲ್ಲದವರು ತಂತಮ್ಮ ಕಿವಿಯ ಮೇಲಿನ ಹೂ ತೆಗೆದು ಈಗಲೇ ಇನ್ನೊಮ್ಮೆ ಕೇಳಿ ಎಂದೆ. ಯಾರೂ ಹಾಡು ಹಾಕಲಿಲ್ಲ. ಡ್ರೈವರಣ್ಣ ಮಾತ್ರ ಕೂಗಾಡಲಿಲ್ಲ. ಮೇಜನ್ನು ಹಿಡಿದು ನಿಂತಿದ್ದ.

"ಹಾಗಾದ್ರೆ ಇಷ್ಟು ವರ್ಷ ನಾವು ಯಾರಿಗೆ ಉಸಿರು ಹಿಡಿದ್ವಿ?" ಎಂದು ಕೇಳಿದ.

ಉತ್ತರ ಅವನೆದುರಿಗೇ ಕುರ್ಚಿಯಲ್ಲಿ ಕೂತಿತ್ತು. ಡ್ರೈವರಣ್ಣ ಸ್ಪೀಕರಿನ ವೈರು ಕಿತ್ತು, ಸಭೆ ಮುಗಿಯಿತು ಅಂದ. ನನ್ನ ಪಕ್ಕದಲ್ಲೇ ಹಾದು ಹೋದರೂ ನನ್ನನ್ನು ನೋಡಲಿಲ್ಲ. ಅದೇ ನನಗೆ ಸಿಟ್ಟು. ಬೈದಿದ್ದರೆ ತಿರುಗಿಸಿ ಬೈದು ಹಗುರಾಗುತ್ತಿದ್ದೆ. ಕ್ಷಮೆ ಕೇಳಲು ಬಂದವನಿಂದ ಅವತ್ತು ಯಾರೂ ಕ್ಷಮೆ ಕೇಳಿಸಲಿಲ್ಲ. ಯಾರೂ ಅವನಲ್ಲಿ ಕ್ಷಮೆ ಕೇಳಲೂ ಇಲ್ಲ. ಎಲ್ಲರೂ ಹೋದಮೇಲೆ ಅವನು ಎದ್ದು, ತಾನು ಕೂತ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿ ಹೋದ.

ಆಮೇಲಿನ ದಿನಗಳಲ್ಲಿ ನನ್ನ ಬಾಗಿಲಿಗೆ ಬಟ್ಟೆ ಬರುವುದು ನಿಂತಿತು. ಬಳಗದವರು ಎದುರಾದರೆ ರಸ್ತೆಯ ಆ ಬದಿಗೆ ದಾಟಿಕೊಂಡರು. ಮಷಿನ್ನಿನ ಮೇಲಿನ ದೊರೆಯ ಚಿತ್ರ ತೆಗೆದುಬಿಡು ಎಂದು ನೆರೆಯವಳು ಹೇಳಿದಳು. ತೆಗೆಯಲಿಲ್ಲ. ನನ್ನ ಯೌವನದುದ್ದಕ್ಕೂ ಜೊತೆಗಿದ್ದ ಮನುಷ್ಯ, ಒಂದು ಸುಳ್ಳಿಗೆ ಗೋಡೆಯಿಂದ ಇಳಿಸಲು ನಾನೇನು ಅಂಗಡಿಯಲ್ಲಿ ಅವರನ್ನು ಕೊಂಡು ತಂದಿದ್ದೆನೇ? ಮುಖ ನೋಡಿದಾಗೆಲ್ಲ ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ, ಅಷ್ಟೇ. ಗೌರವ ಕೊಟ್ಟ ದಿನ ಅವರು ವೇದಿಕೆಯ ಮೇಲೆ ಅದೇ ಹಾಡು ಹಾಡಿದರು. ಟೀವಿಯಲ್ಲಿ ನೋಡಿದೆ. ಕೊನೆಯ ಚರಣ ಬಂದಾಗ ಮೈಕನ್ನು ಕೆಳಗಿಳಿಸಿದರು, ಆ ಎರಡು ಸಾಲನ್ನು ಪಿಟೀಲಿನವರು ನುಡಿಸಿದರು. ಸಭೆ ಚಪ್ಪಾಳೆ ತಟ್ಟಿತು. ದೊರೆ ನಗಲಿಲ್ಲ. ಅಷ್ಟಾದರೂ ಅವರಲ್ಲಿ ಉಳಿದಿದೆಯಲ್ಲ ಎಂದು ನನಗೆ ಸಮಾಧಾನವಾಯಿತು, ಅಷ್ಟೇ ಉಳಿದಿದೆಯಲ್ಲ ಎಂದು ಸಂಕಟವೂ ಆಯಿತು.

ಡ್ರೈವರಣ್ಣನ ಪ್ಯಾಂಟು ಮಾತ್ರ ಮೊಳೆಗೆ ನೇತುಹಾಕಿದ್ದು ಹಾಗೇ ಇತ್ತು. ಒಂದು ಬೆಳಿಗ್ಗೆ ಅವನೇ ಬಂದ. ಒಳಗೆ ಬಾ ಅಂದರೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ. ಪ್ಯಾಂಟು ಮಡಚಿ ಕೊಟ್ಟೆ. ತೆಗೆದುಕೊಂಡ, ಆದರೆ ಹೋಗಲಿಲ್ಲ. ಸಭೆಯ ಮಾರನೆಯ ದಿನದಿಂದಲೇ ಶಿಳ್ಳೆ ಹೊಡೆಯಲು ಯಾರೂ ನಿಲ್ದಾಣಕ್ಕೆ ಹೋಗದಂತೆ ಅವನು ತಡೆದಿದ್ದನೆಂದು ನನಗೆ ಆಗಲೇ ತಿಳಿದಿತ್ತು. ಅವನ ನೋಟ ದೊರೆಯ ಚಿತ್ರದ ಮೇಲೆ ಹೋಯಿತು, ಆಮೇಲೆ ಕಿಟಕಿಯ ಮೇಲೆ.

"ಇವತ್ತಿಂದ ಮತ್ತೆ ಮೈಕಿಗೆ ಹಾಕಿದ್ದಾರಂತೆ" ಅಂದ.

ಹೌದೇ ಎಂದು ಕೇಳುವಷ್ಟರಲ್ಲಿ ಕಿಟಕಿಯಾಚೆ ಧ್ವನಿವರ್ಧಕ ಗೊರಗೊರ ಅಂದಿತು. ನಾನು ಮಷಿನ್ನಿನಿಂದ ಕಾಲು ತೆಗೆದೆ. ಡ್ರೈವರಣ್ಣ ಬಾಗಿಲಿನ ಚೌಕಟ್ಟು ಹಿಡಿದ. ಇಬ್ಬರೂ, ಯಾರೂ ಹೇಳಿಕೊಡದೆ, ಉಸಿರು ಹಿಡಿದಿದ್ದೆವು.

ಮೊದಲು ಬಂದದ್ದು ಗಾಡಿಯ ಹೆಸರಲ್ಲ. ಒಂದು ಉಸಿರು ಬಂತು. ನಿಧಾನವಾಗಿ, ಎದೆತುಂಬ ಎಳೆದುಕೊಂಡ ಉಸಿರು, ಮೈಕಿನಿಂದ ಮುಖ ತಿರುಗಿಸದೆ. ನಿಲ್ದಾಣದ ಉದ್ದಗಲಕ್ಕೂ, ನಮ್ಮ ಬೀದಿಗೂ ಕೇಳಿಸಿತು. ಆಮೇಲೆ ಅವನು ಬೆಳಗಿನ ಪ್ಯಾಸೆಂಜರ್ ಹೊರಡುತ್ತಿದೆ ಎಂದು ಹೇಳಿದ.

ಒಳಗಿನಿಂದ ಅತ್ತೆ ಮಾತ್ರೆ ಎಲ್ಲಿಟ್ಟಿದ್ದೀಯೇ ಎಂದು ಕೂಗಿದರು.